ಊಟ ಕಡಿತ ಮಾಡಿದ ಚೀಟಿ

ನಮ್ಮಪ್ಪ ಜಡೆಪ್ಪನಿಗೆ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದ. ತನ್ನ ಕೂಲಿ ಎಷ್ಟೆಂದು ಹೇಳಲು ಮಾತ್ರ ಅವನಿಗೆ ಬಾಯಿ ಬರುತ್ತಿರಲಿಲ್ಲ. ಹೊಸಪೇಟೆಯ ರೈಲ್ವೆ ಶೆಡ್ಡಿನಲ್ಲಿ ಮೇಲಿನವರ ಬೈಗುಳ ತಾಳದೆ ನೌಕರಿ ಬಿಟ್ಟು, ಕಂಪ್ಲಿ, ಸಂಡೂರು ಕಡೆ ಗಿರಣಿಗಳ ಇಂಜಿನ್ ರಿಪೇರಿ ಮಾಡುತ್ತಾ ಸ್ವಂತ ಬದುಕು ಹೂಡಿದ್ದ. ಕೆಲಸ ಮುಗಿದ ಮೇಲೆ ಧಣಿ, "ಎಷ್ಟು ಕೊಡ್ಲೋ?" ಎಂದರೆ, "ತಾವು ಕೊಟ್ಟಷ್ಟು" ಎನ್ನುತ್ತಿದ್ದ. ಧಣಿಗಳು ಹಾಗೇ ಕೊಡುತ್ತಿದ್ದರು. ಒಬ್ಬರು ಎರಡು ರೂಪಾಯಿ, ಒಬ್ಬರು ಹಳೇ ಕೋಟು.

ಆ ವರ್ಷ, ಸಾವಿರದ ಒಂಬೈನೂರ ಮೂವತ್ತೆಂಟು ಇರಬೇಕು, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಿಂದ ನೌಕರಿಯ ಕಾಗದ ಬಂತು. ದೀಪಾವಳಿಯೊಳಗೆ ಉತ್ತರ ಕೊಡಬೇಕಿತ್ತು. "ಹೋಗೂಣು ಬಿಡು, ಇಲ್ಲಿ ಒಲಿ ಉರಿಯೂದಿಲ್ಲ" ಎಂದ ಅಪ್ಪ, ಮುಖ ಆಚೆ ತಿರುಗಿಸಿ. ಶೆಡ್ಡಿನಿಂದ ಬರುವಾಗ ಅವನ ಮುಖ ಹೇಗಿರುತ್ತಿತ್ತು ಎಂಬುದನ್ನು ಅವ್ವ ಮರೆತಿರಲಿಲ್ಲ.

ನಮ್ಮವ್ವ ಅಕ್ಕನಾಗಮ್ಮ ಮಠದಲ್ಲಿ ವಚನ ಓದುತ್ತಾ ಅಕ್ಷರ ಕಲಿತವಳು. ಚಿತ್ತವಾಡ್ಗಿಯ ಓಣಿಯಲ್ಲಿ ಅವಳ ಬಾಯಿಗೆ ಎದುರಿರಲಿಲ್ಲ. ಅಪ್ಪ ಕಂಪ್ಲಿಯ ಕೊಟ್ರಬಸಪ್ಪ ಸಾವ್ಕಾರರ ಅಕ್ಕಿ ಗಿರಣಿಯಲ್ಲಿ ನಾಲ್ಕು ದಿನ ದುಡಿದು ಬರಿಗೈಲಿ ಬಂದಾಗ, ಅವನ ಚೀಲದಲ್ಲಿ ಬಳ್ಳಾರಿ ಅಂಗಡಿಯ ಚೀಟಿಯೊಂದು ಸಿಕ್ಕಿತು. ಆ ಗಿರಣಿಗೆಂದು ಅಪ್ಪ ತನ್ನ ರೊಕ್ಕದಲ್ಲೇ ತರಿಸಿದ ಬೇರಿಂಗಿನದು.

"ಅಂಗಡಿಯವ್ರು ಬರದು ಕಳಿಸಿದ್ರು, ನೀವು ತುಟಿ ಪಿಟಕ್ಕನ್ನದ ಕೊಟ್ರಿ. ನಾವೂ ಬರದು ಕಳಸೂಣು" ಎಂದಳು ಅವ್ವ.

"ಮಾನ ಹೋಗ್ತದ."

"ಮಾನ ಗಡಿಗ್ಯಾಗ ಬೇಯೂದಿಲ್ಲರೀ."

ಕ್ಯಾಲೆಂಡರಿನ ಹಿಂಬದಿಯಲ್ಲಿ ಅವ್ವ ದುಂಡಗೆ ಬರೆದಳು. ಯಾರಿಗೆ, ಯಾವ ದಿನ, ಏನು ಕೆಲಸ. ಇಂಜಿನ್ ಬಿಚ್ಚಿ ಜೋಡಿಸಿದ್ದಕ್ಕೆ ನಾಲ್ಕು ದಿನದ ಕೂಲಿ ಆರು ರೂಪಾಯಿ. ಬೇರಿಂಗು ಹದಿನಾಲ್ಕು. ಬಂಡಿ ಬಾಡಿಗೆ ಒಂದು. ಆಮೇಲೆ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿ ಇನ್ನೊಂದು ಸಾಲು ಸೇರಿಸಿದಳು: ಸಾವ್ಕಾರರ ಮನೆಯಲ್ಲಿ ಉಂಡದ್ದು ಎಂಟು ಹೊತ್ತು, ಹೊತ್ತಿಗೆ ಎರಡಾಣೆಯಂತೆ ಒಂದು ರೂಪಾಯಿ ಕಡಿತ. ಬರಬೇಕಾದದ್ದು ಇಪ್ಪತ್ತು, ಎಂಟು ದಿನದೊಳಗೆ. ಲೆಕ್ಕ ಚೊಕ್ಕ ಇರಲಿ ಎಂಬುದು ಅವಳ ಹಟ.

ಚೀಟಿ ಕಳಿಸಿದ ಐದನೇ ದಿನ ಬೆಳಿಗ್ಗೆ ಸಾವ್ಕಾರರ ಬಂಡಿ ನಮ್ಮ ಬಾಗಿಲಿಗೇ ಬಂತು. ಅಪ್ಪನ ಮುಖ ಬೂದಿಯಾಯಿತು.

"ಜಡೆಪ್ಪಾ, ನನ್ನ ಮನೀನ ಖಾನಾವಳಿ ಮಾಡಿದಿಯೇನೋ? ಉಂಡ ರೊಟ್ಟಿಗೆ ರೊಕ್ಕ ಹಿಡೀತಿ? ನಮ್ಮಪ್ಪನ ಕಾಲದಿಂದ ಯಾರೂ ಇಂಥಾ ಮಾತು ಆಡಿಲ್ಲ!"

ಬಾಗಿಲ ಮರೆಯಿಂದ ಅವ್ವ ಹೊರಗೆ ಬಂದಳು.

"ತಪ್ಪು ನಂದ್ರೀ ಧಣಿ. ಊಟದ ಸಾಲು ಹೊಡದ ಹಾಕ್ರಿ. ಉಳಿದದ್ದು ಸರಿ ಐತೇನ್ರಿ?"

ಸಾವ್ಕಾರರು ಸಿಟ್ಟಿನಲ್ಲಿ ಚೀಟಿಯ ಉಳಿದ ಸಾಲುಗಳನ್ನು ಓದಿಯೇ ಇರಲಿಲ್ಲವೇನೋ. ಕನ್ನಡಕ ಏರಿಸಿ ಸಾಲು ಸಾಲಾಗಿ ಓದಿದರು. "ಬೇರಿಂಗಿಗೆ ಹದಿನಾಲ್ಕು ನೀನ ಹಾಕಿದ್ದೇನೋ? ಬಾಯಿ ಬಿಟ್ಟು ಹೇಳಬಾರದೇನು? ನನಗೇನು ಕನಸು ಬೀಳ್ತದ?" ಎಂದು ಗದರಿ, ಊಟದ ಸಾಲನ್ನು ತಾವೇ ಗೀಚಿ ಅಳಿಸಿ, ಇಪ್ಪತ್ತೊಂದು ರೂಪಾಯಿ ಎಣಿಸಿಟ್ಟರು. ಗೆದ್ದೆವು ಎಂದು ನನಗೆ ಕುಣಿಯುವಂತಾಯಿತು.

"ರಾಮಸಾಗರದ ಗಿರಣಿಯವ್ರೂ ಕರದಾರ, ಹೋಗು. ಚೀಟಿ ಮಾತ್ರ ಈಕಿನ ಬರೀಲಿ" ಎಂದು ಅವರು ಎದ್ದರು.

"ಎರಡು ರೊಟ್ಟಿ ಉಂಡು ಹೋಗ್ರಿ" ಎಂದಳು ಅವ್ವ.

"ಬರದು ಇಡ್ತಿಯೇನವ್ವ?" ಎಂದು ನಕ್ಕು, ಕೂತು ಉಂಡರು.

ರಾಮಸಾಗರದ ಕೆಲಸ ಮುಗಿಸಿ ಅಪ್ಪ ಬಂದ ದಿನ ಮನೆಯಲ್ಲಿ ಖಾಲಿ ಕಾಗದವೇ ಇರಲಿಲ್ಲ. ಅವ್ವ ಅತ್ತಿತ್ತ ಹುಡುಕುತ್ತಿದ್ದಳು. ಅಪ್ಪ ಎದ್ದು, ಗೂಡಿನಲ್ಲಿದ್ದ ಹುಬ್ಬಳ್ಳಿಯ ನೌಕರಿ ಕಾಗದ ತೆಗೆದು, ಹಿಂಬದಿ ಮೇಲೆ ಮಾಡಿ ಅವಳ ಮುಂದಿಟ್ಟ.

"ಬರಿ," ಎಂದ, "ಕೂಲಿ ಮೂರು ದಿನದ್ದು."