ಆಕ್ಟೇವ್ ಪೆಡಲ್ ತಂದದ್ದು ಯಾಕೆ?

"ಸರ್, ಇದನ್ನ ಯಾಕ ತಂದ್ರಿ?"

ತಿಪ್ಪಣ್ಣ ಕೇಳಿದ್ದು ಇಷ್ಟೇ. ಕೇಳುವಾಗ ನನ್ನ ಮುಖ ನೋಡಲಿಲ್ಲ. ನನ್ನ ಕಾಲ ಬಳಿಯಿದ್ದ ಆಕ್ಟೇವ್ ಪೆಡಲನ್ನೇ ನೋಡುತ್ತಿದ್ದ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪ್ರತಿ ಭಾನುವಾರ ಬಳ್ಳಾರಿಯ ನಮ್ಮ ಮನೆಯ ಮಹಡಿಯಲ್ಲಿ ಮೂವರು ಸೇರುತ್ತೇವೆ. ನಾನು ಗಿಟಾರ್ (ಉಳಿದ ದಿನ ಪಾಲಿಟೆಕ್ನಿಕ್‌ನಲ್ಲಿ ಪಾಠ). ಯೂಸುಫ್ ಹಾಡುತ್ತಲೇ ರಿದಂ ಪ್ಯಾಡ್ ಬಾರಿಸುತ್ತಾನೆ. ಕುರುಗೋಡಿನಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ತಿಪ್ಪಣ್ಣನದು ಬೇಸ್ ಗಿಟಾರ್. ಒಂಬತ್ತು ವರ್ಷದಿಂದ ಮದುವೆ, ಕಾಲೇಜ್ ಡೇ ಅಂತ ಒಟ್ಟಿಗೇ ತಿರುಗಿದ್ದೇವೆ.

ಇನ್ನು ಆಕ್ಟೇವ್ ಪೆಡಲ್ ಅಂದರೆ? ಗಿಟಾರಿನಲ್ಲಿ ಒಂದು ಸ್ವರ ಬಾರಿಸಿದರೆ, ಅದರದೇ ಮಂದ್ರ ಸ್ಥಾಯಿಯ ಸ್ವರವನ್ನೂ ಜೊತೆಗೆ ಹೊರಡಿಸುವ ಡಬ್ಬಿ. ಅಂದರೆ ಮಾಮೂಲಿ ಗಿಟಾರಿನಿಂದಲೇ ಬೇಸ್ ಗಿಟಾರಿನ ದಪ್ಪ ದನಿ. ಈಗ ತಿಪ್ಪಣ್ಣನ ಪ್ರಶ್ನೆ ಅರ್ಥವಾಯಿತಲ್ಲ?

"ಸೋಲೋ ಬಾರ್ಸೋವಾಗ ದನಿ ಸ್ವಲ್ಪ ತುಂಬಿ ಬರ್ಲಿ ಅಂತ ತಂದೀನಿ, ಅಷ್ಟ" ಅಂದೆ.

ನಿಜವೇ? ಅರ್ಧ ನಿಜ.

ವಾದ್ಯಗಳ ಅಂಗಡಿಯವನು ಎರಡು ಪೆಡಲ್ ಮುಂದಿಟ್ಟಿದ್ದ. ಒಂದು ಸಾದಾ, ಸಲಕ್ಕೆ ಒಂದೇ ಸ್ವರ ಹಿಡಿಯುವಂಥದ್ದು. ಇನ್ನೊಂದು ನಾಲ್ಕಾರು ಸ್ವರ ಒಟ್ಟಿಗೆ ಬಂದರೂ ತಾಳಿಕೊಳ್ಳುವಂಥದ್ದು, ಮೇಲಿನ ಸ್ಥಾಯಿಯೂ ಉಂಟು. ಅವನು ಎರಡನೆಯದನ್ನೇ ನನ್ನ ಕಡೆ ತಳ್ಳುತ್ತಿದ್ದ. ಯಾರಾದರೂ ಒಂದನ್ನು ತಳ್ಳಿದರೆ, ಏನೋ ಮೋಸವಿದೆ ಅಂತ ಅನುಮಾನಪಟ್ಟು ನಾನು ಇನ್ನೊಂದನ್ನು ಎತ್ತಿಕೊಳ್ಳುವವನು. (ಹೆಂಡತಿ ಇದನ್ನು ರೋಗ ಅನ್ನುತ್ತಾಳೆ.) ಸಾದಾದನ್ನೇ ಕೊಂಡೆ.

"ಇನ್ನ ಬೇಸ್‌ನವ್ರ ದಾರಿ ಕಾಯೋದು ತಪ್ತು ನೋಡ್ರಿ ಸರ್" ಅಂತ ಅವನು ನಕ್ಕ. ಅವನಿಗೆ ಹೇಗೆ ಗೊತ್ತು? ನಾನೇ ಕೇಳಿದ್ದೆನಲ್ಲ, ಬೇಸ್ ನುಡಿಸುವವನು ಬಾರದ ದಿನ ಇದರಲ್ಲೇ ನಡೆಸಬಹುದಾ ಅಂತ! ತಿಪ್ಪಣ್ಣ ಮೇಲಿಂದ ಮೇಲೆ ಲೇಟಾಗಿ ಬರುತ್ತಿದ್ದ. ನನಗೆ ಬೇಸರವಾಗಿತ್ತು. ಅದನ್ನು ಅವನಿಗೆ ಹೇಳದೆ ಅಂಗಡಿಯವನಿಗೆ ಹೇಳಿದ್ದೆ.

ಎರಡು ವಾರ ಕಳೆಯಿತು. ಸಿರುಗುಪ್ಪದಲ್ಲಿ ಒಂದು ಮದುವೆ, ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಹಾಡು. ಹೊರಡುವ ಹೊತ್ತಿಗೆ ಸರಿಯಾಗಿ ತಿಪ್ಪಣ್ಣನ ಫೋನ್.

"ಅವ್ವಗ ಆರಾಮಿಲ್ರಿ ಸರ್, ನಂಗ ಬರಾಕಾಗಂಗಿಲ್ಲ. ಹೆಂಗಿದ್ರೂ ನಿಮ್ಮ ಡಬ್ಬಿ ಐತೆಲ್ಲ."

ಆ ಕೊನೆಯ ಮಾತು ನನ್ನನ್ನು ಚುಚ್ಚಿತು. "ನಾಟಕ ಮಾಡಾಕತ್ಯಾನ" ಅಂದೆ ಯೂಸುಫನಿಗೆ.

"ತಾಯಿ ಹೆಸರಿನ್ಯಾಗ ಯಾರು ಸುಳ್ಳು ಹೇಳ್ತಾರ ಸರ್?" ಅಂತ ಯೂಸುಫ್ ಬೇಜಾರು ಮಾಡಿಕೊಂಡ.

ಸಿರುಗುಪ್ಪದಲ್ಲಿ ಪೆಡಲ್ ಒತ್ತಿ, ಅಭ್ಯಾಸಬಲದಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿ ಕಾರ್ಡ್ ಬಾರಿಸಿದೆ. ಗೊರ್‌ರ್ ಅಂತ ಸದ್ದು! ಗಂಟಲಲ್ಲಿ ಕಫ ಕಟ್ಟಿದ ಎಮ್ಮೆಯ ಹಾಗೆ. ಯೂಸುಫ್ ಹಾಡುತ್ತಲೇ ತಿರುಗಿ ನೋಡಿದ. ಹೇಗೋ ಸಂಭಾಳಿಸಿ, ಬಿಡಿಬಿಡಿ ಸ್ವರ ನುಡಿಸಿ ಕಾರ್ಯಕ್ರಮ ಮುಗಿಸಿದೆ.

ಜನ? ಉಂಡರು. ಫೋಟೋ ತೆಗೆಸಿಕೊಂಡರು. "ಭಾಳ ಚಲೋ ಆತ್ರಿ" ಅಂತ ವರನ ಕಾಕಾ ಕೈ ಕುಲುಕಿದರು. ಬೇಸ್ ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಮೊದಲು ಖುಷಿಯಾಯಿತು. ಆಮೇಲೆ ಯೋಚನೆ ಬಂತು: ನಾಲ್ಕು ತಂತಿಯ ಬೇಸ್‌ನವನು ಇಲ್ಲದಿದ್ದದ್ದು ಗೊತ್ತಾಗದ ಜನಕ್ಕೆ ಆರು ತಂತಿಯ ನಾನು ಇಲ್ಲದಿದ್ದರೆ ಗೊತ್ತಾಗುತ್ತದೆಯೇ?

ಯೂಸುಫನನ್ನು ಬಸ್ ಹತ್ತಿಸಿ, ನಾನು ಕಾರನ್ನು ಕುರುಗೋಡಿಗೆ ತಿರುಗಿಸಿದೆ. ಸುಳ್ಳನನ್ನು ಕೈಯಾರೆ ಹಿಡಿಯಬೇಕಿತ್ತು.

ತಿಪ್ಪಣ್ಣನ ತಾಯಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

"ನಿಮಗ ಆರಾಮಿಲ್ಲಂತ ತಿಪ್ಪಣ್ಣ ಅಂದ..."

"ನನಗೇನಾಗೈತ್ರೀ? ಗುಂಡಕಲ್ಲಿನಂಗ ಅದೀನಿ!"

ನನ್ನ ಅನುಮಾನ ಗೆದ್ದಿತು. ಅಷ್ಟರಲ್ಲಿ ತಿಪ್ಪಣ್ಣ ಹೊರಗೆ ಬಂದ. ಎಡಗೈಯನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡಿದ್ದ. ಟವೆಲ್ ಸರಿಸಿದರೆ ಎರಡು ಬೆರಳಿಗೆ ದಪ್ಪ ಬ್ಯಾಂಡೇಜು. ಮೋಟರಿನ ಪುಲ್ಲಿ ಕೂರಿಸುವಾಗ ಜಜ್ಜಿ ಹೋಗಿದ್ದವಂತೆ. ಎರಡು ತಿಂಗಳು ತಂತಿ ಮುಟ್ಟಬಾರದು ಅಂತ ಡಾಕ್ಟರ್ ಹೇಳಿದ್ದರು.

"ಇದನ್ನ ಯಾಕ ಹೇಳ್ಲಿಲ್ಲ?"

"ಅವ್ವಗ ಆರಾಮಿಲ್ಲಂದ್ರ ಅದು ಒಂದಿನದ ಮಾತು. ಬೆರಳು ಅಂದ್ರ ಎರಡು ತಿಂಗಳು. ಎರಡು ತಿಂಗಳು ಆ ಡಬ್ಬಿ ಮ್ಯಾಲ ನಡೀತಂದ್ರ, ಆಮ್ಯಾಲ ನನ್ನ ಯಾಕ ಕರೀತೀರಿ?"

ಸುಳ್ಳು ಹೇಳಿದ್ದು ಅವನು. ತಲೆ ತಗ್ಗಿಸಿದ್ದು ನಾನು. ಅಂಗಡಿಯಲ್ಲಿ ಏನು ಕೇಳಿದ್ದೆ ಅನ್ನುವುದನ್ನು ಹೇಳಿಬಿಟ್ಟೆ.

"ಡಬ್ಬಿ ನೋಡಿದ ದಿನಾನ ಗೊತ್ತಾಗಿತ್ರಿ" ಅಂದ. "ಇವತ್ತು ಹೆಂಗಾತು? ಖರೇ ಹೇಳ್ರಿ."

"ನೀ ಇಲ್ದ ಎಲ್ಲಾ ಕೆಟ್ಟುಹೋತು" ಅನ್ನುವ ಮಾತು ಬಾಯಿಗೆ ಬಂದಿತ್ತು. ನುಂಗಿಕೊಂಡೆ. "ಗೊರಗೊರ ಅಂತು. ಆದ್ರ ಯಾರೂ ಏನೂ ಅನ್ಲಿಲ್ಲ."

"ನಾ ಎಲ್ಲಂತ ಯಾರೂ ಕೇಳ್ಲಿಲ್ಲೇನ್ರಿ?"

"ಇಲ್ಲ."

ಅವನ ತಾಯಿ ಚಹಾ ತಂದಿಟ್ಟು ಒಳಗೆ ಹೋದರು. ಇಬ್ಬರೂ ಕುಡಿದೆವು. ಆಮೇಲೆ ಅವನೇ ಎದ್ದ.

"ತರ್ರಿ ಅದನ್ನ."

ಅವನ ಸಣ್ಣ ಆಂಪ್ಲಿಫೈಯರಿಗೆ ಪೆಡಲ್ ಜೋಡಿಸಿದೆವು. ಬಲಗೈಯಿಂದ ಎರಡೂ ನಾಬ್ ತಿರುಗಿಸಿ ನೋಡಿದ. "ಕಾರ್ಡ್ ಹಾಕಬ್ಯಾಡ್ರಿ. ಎರಡು ಸ್ವರ ಒಮ್ಮೆಗೇ ಬಂದ್ರ ಯಾವುದರ ಬೆನ್ನು ಹತ್ತಬೇಕಂತ ಇದಕ್ಕ ತಿಳಿಯಂಗಿಲ್ಲ. ಕುತ್ತಿಗಿ ಕಡಿ ಪಿಕಪ್ ಇಡ್ರಿ, ಟೋನ್ ಇಳಸ್ರಿ. ಮುಂದಿನ ಸ್ವರ ಬಾರ್ಸೋಕಿಂತ ಮೊದ್ಲ ಹಿಂದಿನ ತಂತಿ ಬೆರಳಲೆ ಮುಚ್ರಿ." (ಪಿಕಪ್ ಅಂದರೆ ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ದನಿ ಹಿಡಿಯುವ ಪಟ್ಟಿ.)

ಬೇಕಂತಲೇ ತಪ್ಪು ಹೇಳಿಕೊಡುತ್ತಿದ್ದಾನಾ? ನನ್ನ ರೋಗ ಆಗಲೂ ಬಿಡಲಿಲ್ಲ ನೋಡಿ. ಬಾರಿಸಿದೆ. ಗೊರಗೊರ ಸದ್ದು ಪೂರ್ತಿ ಮಾಯವಾಗಿ, ದುಂಡನೆಯ ಶುದ್ಧ ಮಂದ್ರ ದನಿ ಹೊರಟಿತು. ತನ್ನ ಜಾಗದಲ್ಲಿ ಕೂರಬಹುದಾದ ಆ ದನಿಯನ್ನು ತಿಪ್ಪಣ್ಣ ತಲೆಯಾಡಿಸುತ್ತ ಕೇಳಿದ.

"ಈಗ ಸರಿ ಆತು ನೋಡ್ರಿ. ಎರಡು ತಿಂಗಳು ಇದ್ರಾಗ ನಡಸ್ರಿ."

ನಡೆಸಿದೆವು. ಎರಡು ತಿಂಗಳು ಮುಗಿದ ಭಾನುವಾರ ಬೆಳಿಗ್ಗೆಯೇ ನಾನು ಕುರುಗೋಡಿಗೆ ಹೋಗಿ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಒಂದು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ, ಮೂರೇ ಬೆರಳಲ್ಲಿ ನುಡಿಸುತ್ತಾನೆ. ಒಮ್ಮೊಮ್ಮೆ ತಪ್ಪುತ್ತಾನೆ. ಯೂಸುಫ್ ಅವನಿಗಾಗಿ ಹಾಡಿನ ವೇಗ ಇಳಿಸಿದ್ದಾನೆ. ಪೆಡಲ್ ಈಗ ನನ್ನ ಸೋಲೋಗಷ್ಟೇ. ಅದನ್ನು ಒತ್ತುವ ಮುಂಚೆ ನಾನೂ ತಿಪ್ಪಣ್ಣನೂ ಒಮ್ಮೆ ಪರಸ್ಪರ ಮುಖ ನೋಡಿಕೊಳ್ಳುತ್ತೇವೆ.

ತಿಪ್ಪಣ್ಣ ವಾಪಸ್ ಬಂದದ್ದನ್ನೂ ಕೇಳುವ ಜನ ಗಮನಿಸಲಿಲ್ಲ, ಬಿಡಿ. ಆದರೆ ನನ್ನ ಅನುಮಾನ ಈಗ ನಿಮ್ಮ ಮೇಲೆ: ನೀವು ಕೊನೆಯ ಸಲ ಉಂಡು ಬಂದ ಮದುವೆಯಲ್ಲಿ ಬೇಸ್ ನುಡಿಸಿದ್ದು ಮನುಷ್ಯನೋ ಡಬ್ಬಿಯೋ, ಹೇಳಿ ನೋಡೋಣ?