ಸುಬೇದಾರರ ಮೂರು ತೋಟಾ

ಕಾಫಿ ಲೋಟ ಹಿಡಿದಾಗಲೂ ಸುಬೇದಾರರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಲೋಟವನ್ನು ಸುತ್ತಿ ಹಿಡಿದಿದ್ದರೆ ಅದೊಂದು ಮಾತ್ರ ಲೋಟದ ಮೈಗುಂಟ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. ಕೊಡೆ, ಗ್ರೋಸರಿ ಚೀಲ, ಮೊಮ್ಮಗನ ಸೈಕಲ್ಲಿನ ಹ್ಯಾಂಡಲ್ಲು, ಏನು ಹಿಡಿದರೂ ಹಾಗೆಯೇ. ಕೇಳಿದರೆ, "ಟ್ರಿಗರ್ ಎಳೆಯೋ ಬೆರಳು ಇದು. ಗುರಿ ಸಿಗೋವರೆಗೆ ಇದಕ್ಕೆ ಕೆಲಸ ಇಲ್ಲಮ್ಮ. ಮಿಲಿಟರಿಯಲ್ಲಿ ನೆಟ್ಟಗೆ ಕಲಿತದ್ದು ಇದೊಂದೇ" ಎನ್ನುತ್ತಿದ್ದರು.

ಅದು ಎಂಬತ್ತರ ದಶಕದ ನಡುಭಾಗ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರುಬಾಗಿಲು ಅವರ ಮಗಳದು. ಆಕೆ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಸುಬೇದಾರರು ಮಡಿಕೇರಿ ಬಿಟ್ಟು ಮಗಳ ಜೊತೆ ಇದ್ದರು. ನಾನು ಮೈಸೂರಿನ ಪುಳಿಯೋಗರೆ ಮನೆತನದವಳು, ಕಂಪ್ಯೂಟರ್ ಚಿಪ್ಪು ತಯಾರಿಸುವ ಕಂಪನಿಯಲ್ಲಿ ಎಂಜಿನಿಯರು. ಕಾಲೇಜಿನ ಎನ್‌ಸಿಸಿಯಲ್ಲಿ ನನ್ನಷ್ಟು ಚೆನ್ನಾಗಿ ಗುರಿ ಹೊಡೆಯುವವರು ಇರಲಿಲ್ಲ. ರಾಜ್ಯಮಟ್ಟದ ಪಂದ್ಯಕ್ಕೆ ಹೆಸರು ಕಳಿಸುವಾಗ ಮೇಷ್ಟ್ರು, "ಹೆಣ್ಣುಮಕ್ಕಳಿಗೆ ಇಷ್ಟು ಸಾಕು" ಎಂದು ನನಗಿಂತ ಕಡಿಮೆ ಹೊಡೆದವನ ಹೆಸರು ಬರೆದರು. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ನನ್ನ ಸಂಬಳದಲ್ಲಿ ನನ್ನದೇ ರೈಫಲ್ಲು ಕೊಳ್ಳುತ್ತೇನೆಂದು ಹಟ ಹಿಡಿದೆ. "ಜಿರಲೆ ಕಂಡ್ರೆ ಕುರ್ಚಿ ಹತ್ತೋಳು ನೀನು" ಎಂದು ಗಂಡ ನಕ್ಕ. ನಗಲಿ ಎಂದು ಎದುರುಬಾಗಿಲು ತಟ್ಟಿದೆ.

ಸುಬೇದಾರರು ನಗಲಿಲ್ಲ. ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ನಮ್ಮ ಕೊಡವರಲ್ಲಿ ಯಾರಾದರೂ ಸತ್ತರೆ ಎರಡು ಗುಂಡು ಹಾರಿಸ್ತಾರೆ, ಒಂದರ ಬೆನ್ನಿಗೆ ಒಂದು. ಊರಿಗೆಲ್ಲ ಸುದ್ದಿ ಮುಟ್ಟಬೇಕಲ್ಲ. ಗಂಡು ಮಗು ಹುಟ್ಟಿದರೆ ಒಂದು."

"ಹೆಣ್ಣು ಹುಟ್ಟಿದ್ರೆ ಅಂಕಲ್?"

ಅವರು ಕಿಟಕಿಯ ಕಡೆ ತಿರುಗಿದರು. "ಹಾರಿಸಲಿಲ್ಲ. ನನ್ನ ಮಗಳು ಹುಟ್ಟಿದ ದಿನ ಕೋವಿ ನನ್ನ ಕೈಯಲ್ಲೇ ಇತ್ತು. ಹಿರಿಯರು ಬೇಡ ಅಂದರು, ನಾನು ಸುಮ್ಮನಾದೆ." ಮತ್ತೆ ನನ್ನ ಕಡೆ ತಿರುಗಿದರು: "ಇಲ್ಲಿ ನಾನು ಸತ್ತರೆ ಆ ಎರಡು ಹಾರಿಸೋರು ಯಾರಿದ್ದಾರೆ? ಗುಂಡೇಟು ತಿಂದು ಬಂದೋರನ್ನ ನೋಡಿ ನೋಡಿ ಇವಳಿಗೆ ಕೋವಿ ಅಂದರೇ ಆಗೋದಿಲ್ಲ. ನಿನಗೆ ನಾನು ಕಲಿಸ್ತೇನೆ. ನನಗೆ ನೀನು ಹಾರಿಸ್ತೀಯಾ?"

ಹಿಂದುಮುಂದು ನೋಡದೆ ಹೂಂ ಎಂದುಬಿಟ್ಟೆ.

ಇನ್ನು ಉಳಿದದ್ದು ಗುಂಡಿನ ಅಳತೆ. ನನಗೆ ಹಿಡಿಸಿದ ಹೊಸ ಬಗೆಯ ಸ್ಪೋರ್ಟಿಂಗ್ ರೈಫಲ್ಲುಗಳಲ್ಲಿ ಎರಡು ಅಳತೆ ಸಿಗುತ್ತಿತ್ತು. ಒಂದು ದಪ್ಪ ಗುಂಡಿನ ತ್ರೀ ನಾಟ್ ಎಯ್ಟು, ಇನ್ನೊಂದು ಸಣ್ಣ ಗುಂಡಿನ ಟೂ ಟ್ವೆಂಟಿ ತ್ರೀ. ದಪ್ಪದ್ದೇ ಸೈ ಎಂದು ನಾನಾಗಲೇ ತೀರ್ಮಾನಿಸಿದ್ದೆ. ಹೆಚ್ಚುಕಡಿಮೆ ಅವರು ಮಿಲಿಟರಿಯಲ್ಲಿ ಹೊತ್ತ ರೈಫಲ್ಲಿನ ಅಳತೆ ಅದು. ಸುಬೇದಾರರ ಸಾವನ್ನು ಸಾರುವ ಗುಂಡು ಗುಡುಗಬೇಡವೇ?

"ಮೊದಲು ಹೊಡೆದು ನೋಡು. ಆಮೇಲೆ ಮಾತು" ಎಂದರು.

ಶನಿವಾರ ಬೆಟ್ಟದ ಮೇಲಿನ ಶೂಟಿಂಗ್ ರೇಂಜಿಗೆ ಹೋಗಿ ದಪ್ಪ ಗುಂಡಿನದನ್ನೇ ಬಾಡಿಗೆಗೆ ತೆಗೆದುಕೊಂಡೆವು. ಎನ್‌ಸಿಸಿಯ ಹಗುರ ರೈಫಲ್ಲಿಗೆ ಒಗ್ಗಿದ್ದ ನನ್ನ ಹತ್ತು ಗುಂಡುಗಳಲ್ಲಿ ಎರಡು ಮಾತ್ರ ಕಾಗದಕ್ಕೆ ತಾಗಿದವು. ಭುಜ ನೀಲಿಗಟ್ಟಿತು. "ಅಭ್ಯಾಸ ಆದ್ರೆ ಸರಿಹೋಗತ್ತೆ ಅಂಕಲ್. ನನ್ನ ಹಟ ನಿಮಗೆ ಗೊತ್ತಿಲ್ಲ" ಎಂದೆ.

"ನನಗೆ ಗೊತ್ತು. ನಿನ್ನ ಭುಜಕ್ಕೆ ಗೊತ್ತಾ ಕೇಳು" ಎಂದು ಅವರು ಬೆನ್ನು ತಿರುಗಿಸಿ ನಿಂತು ಮ್ಯಾಗಜೀನಿಗೆ ತಾವೇ ತೋಟಾ ತುಂಬಿಕೊಟ್ಟರು. ಮೊದಲನೆಯದು ಹಾರಿತು. ಎರಡನೆಯದಕ್ಕೆ ಟ್ರಿಗರ್ ಎಳೆದರೆ ಟಕ್ ಎಂದಿತು ಅಷ್ಟೆ, ಗುಂಡು ಹಾರಲಿಲ್ಲ. ಆದರೆ ರೈಫಲ್ಲಿನ ಮೂತಿ ಮಾತ್ರ ಕೆಳಗೆ ಕುಸಿದಿತ್ತು, ನನ್ನ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು.

"ನಡುವೆ ಮದ್ದಿಲ್ಲದ ಖಾಲಿ ತೋಟಾ ಒಂದು ಸೇರಿಸಿದ್ದೆ. ನೋಡು, ಹಾರದ ಗುಂಡಿಗೂ ಬೆಚ್ಚಿದೆ ನೀನು."

"ಇದು ಮೋಸ ಅಂಕಲ್" ಎಂದೆ. ಅಳು ಬರುವಷ್ಟು ಸಿಟ್ಟು ಬಂದಿತ್ತು.

"ಹೊಸ ಸಿಪಾಯಿಗಳಿಗೆಲ್ಲ ನಾನು ಮಾಡ್ತಿದ್ದ ಮೋಸ ಇದೇ. ಹೆದರಿಕೆ ಒಳಗೆ ಕೂತಿರ್ತದೆ, ಕೇಳಿದರೆ ಹೇಳೋದಿಲ್ಲ. ಗುಂಡು ದೊಡ್ಡದಾದರೆ ಗುರಿ ದೊಡ್ಡದಾಗೋದಿಲ್ಲಮ್ಮ."

ಮುಂದಿನ ವಾರದಿಂದ ಸಣ್ಣ ಗುಂಡಿನ ರೈಫಲ್ಲು. ಮದ್ದಿಲ್ಲದ ತೋಟಾ ಯಾವ ಸರದಿಯಲ್ಲಿದೆ ಎಂಬುದನ್ನು ಅವರು ಒಂದು ದಿನವೂ ಹೇಳಲಿಲ್ಲ. ಆರನೆಯ ಶನಿವಾರ ಟಕ್ ಎಂದಾಗ ಮೂತಿ ಅಲುಗಲಿಲ್ಲ, ಕಣ್ಣು ತೆರೆದೇ ಇತ್ತು. ಅವರು ಹೊಗಳಲಿಲ್ಲ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲ ಲೋಟ ನನಗೆ ಕೊಟ್ಟರು.

ಆದರೂ ಬಂದೂಕಿನ ಅಂಗಡಿಯ ಬಾಗಿಲಲ್ಲಿ ನನ್ನದು ಅದೇ ರಾಗ. "ಈ ಸಣ್ಣದರ ಸದ್ದು ನಿಮಗೆ ಸಾಲೋದಿಲ್ಲ ಅಂಕಲ್."

"ಎಷ್ಟು ದಪ್ಪದ್ದು ಹಾರಿಸಿದರೂ ಇಲ್ಲಿಂದ ಮಡಿಕೇರಿಗೆ ಕೇಳೋದಿಲ್ಲ. ಪಕ್ಕದಲ್ಲಿ ನಿಂತೋರಿಗೆ ಕೇಳಿದರೆ ಸಾಕು."

ಟೂ ಟ್ವೆಂಟಿ ತ್ರೀ ಕೊಂಡೆ. ಅಂದು ಅವರು ಅದೇ ಅಳತೆಯ ಮೂರು ತೋಟಾಗಳನ್ನು ಕರ್ಚೀಫಿನಲ್ಲಿ ಕಟ್ಟಿ ನನ್ನ ಕೈಗಿಟ್ಟರು. "ಎರಡು ನನಗೆ. ಮೂರನೆಯದು ಮಗಳು ಹುಟ್ಟಿದ ದಿನ ಹಾರಿಸಬೇಕಾಗಿದ್ದದ್ದು. ಅವಳಾಗಿ ಬಂದು ಪಕ್ಕದಲ್ಲಿ ನಿಂತರೆ ಮಾತ್ರ. ನೀನು ಕರೀಬೇಡ."

ಮೂರು ವರ್ಷಗಳ ನಂತರ ಒಂದು ಬೆಳಿಗ್ಗೆ ಸುಬೇದಾರರು ವಾಕಿಂಗಿಗೆಂದು ಶೂ ಹಾಕಿಕೊಂಡು ಕುರ್ಚಿಯಲ್ಲೇ ಒರಗಿ ಹೋಗಿಬಿಟ್ಟರು. ಬೆರಳು ಆಗಲೂ ನೆಟ್ಟಗಿತ್ತು. ನಾನು ಗೋಳೋ ಎಂದು ಅತ್ತೆ. ಮಗಳನ್ನು ಮಾತ್ರ ಕರೆಯಲಿಲ್ಲ. ಕರೆಯಬೇಕೆಂದು ಎಷ್ಟು ಸಲ ಅವರ ಬಾಗಿಲವರೆಗೆ ಹೋಗಿ ತಿರುಗಿ ಬಂದೆನೋ.

ಆ ವಾರದ ಶನಿವಾರ ರೈಫಲ್ಲನ್ನು ಕಾರಿನ ಡಿಕ್ಕಿಯಲ್ಲಿ ಇಡುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಅಪ್ಪಂಗೆ ನೀವು ಮಾತು ಕೊಟ್ಟಿದ್ರಂತೆ. ನಾನೂ ಬರ್ಲಾ?"

ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿದೆ. ರೇಂಜಿನ ಮೇಲ್ವಿಚಾರಕನಿಗೆ ವಿಷಯ ಹೇಳಿದೆ. ಆತ ಟೋಪಿ ತೆಗೆದು, ಉಳಿದವರಿಗೆಲ್ಲ ಗುಂಡು ಹಾರಿಸುವುದನ್ನು ನಿಲ್ಲಿಸಲು ಹೇಳಿದ. ನಾನು ರೈಫಲ್ಲು ಹಿಡಿದು ನಿಂತೆ. ಗುರಿ ಸಿಗುವವರೆಗೆ ಬೆರಳನ್ನು ನೆಟ್ಟಗಿಟ್ಟುಕೊಂಡೆ. ಒಂದರ ಬೆನ್ನಿಗೆ ಒಂದು ಎರಡು ಗುಂಡು ಹಾರಿದವು. ಎರಡಕ್ಕೂ ಕಣ್ಣು ಮುಚ್ಚಲಿಲ್ಲ.

ಕರ್ಚೀಫಿನಿಂದ ಮೂರನೆಯ ತೋಟಾ ತೆಗೆದಾಗ ಆಕೆ ನನ್ನ ತೋಳು ಹಿಡಿದರು. "ಎರಡೇ ಅಲ್ವಾ?"

"ಇದು ನಿಮ್ಮದು" ಎಂದೆ. "ನೀವು ಹುಟ್ಟಿದ ದಿನದ್ದು. ಕೊಟ್ಟು ಹೋಗಿದ್ದಾರೆ."

ಆಕೆ ಬಹಳ ಹೊತ್ತು ಆ ತೋಟಾವನ್ನೇ ನೋಡಿದರು. ಆಮೇಲೆ ನನ್ನ ತೋಳು ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ತೆರೆದುಕೊಂಡೇ ನಿಂತರು.