ಸಮುದ್ರಕ್ಕೆ ಉಡಿ ತುಂಬಿದ್ದು

ಇಲ್ಲಿಗೆ ಬಂದ ಮೊದಲ ಚಳಿಗಾಲ. ಒಂದು ಬೆಳಿಗ್ಗೆ ಗೋಡೆಯ ಕನ್ನಡಿ ನಡುಗತೊಡಗಿತು, ಮಾಡದಲ್ಲಿಟ್ಟ ತಾಟುಗಳು ಕಟಕಟ ಅಂದವು. ಭೂಕಂಪವೆಂದು ಬರಿಗಾಲಲ್ಲಿ ಅಂಗಳಕ್ಕೆ ಓಡಿದೆ. ಮನೆಯ ಒಡತಿ ಮಾಲಿಯಾ ಕಾಫಿ ಹಿಡಿದು ನಿಂತಿದ್ದಳು. ‘ಭೂಮಿ ಅಲ್ಲ ತಂಗೀ, ಸಮುದ್ರ’ ಎಂದು ನಕ್ಕಳು. ಅಲೆಗಳು ದಡಕ್ಕೆ ಬೀಳುವ ಪೆಟ್ಟಿಗೆ ಅಷ್ಟು ದೂರದ ಮನೆಗಳು ನಡುಗುತ್ತಿದ್ದವು. ಅಯ್ಯೋ ಶಿವನೇ, ಇದರ ಮೇಲೆ ನಿಂತು ನಾನು ಹೊಟ್ಟೆ ಹೊರೆಯಬೇಕೇ ಅನ್ನಿಸಿತು.

ಹೌದು, ಅದೇ ನನ್ನ ಕಸುಬು. ಹವಾಯಿ ದ್ವೀಪಗಳಲ್ಲೊಂದಾದ ಮಾವಿಯಲ್ಲಿ ನಾನು ಕಾಲಿಗೆ ಹಲಗೆ ಕಟ್ಟಿ, ಸೊಂಟಕ್ಕೆ ದೊಡ್ಡ ಗಾಳಿಪಟ ಬಿಗಿದು, ಗಾಳಿ ಎಳೆದತ್ತ ನೀರಿನ ಮೇಲೆ ಓಡುತ್ತೇನೆ. ಚಳಿಗಾಲದಲ್ಲಿ ಗಾಳಿಪಟ ಬಿಟ್ಟು ಬರೀ ಹಲಗೆಯ ಮೇಲೆ ದೊಡ್ಡ ಅಲೆ ಇಳಿಯುತ್ತೇನೆ. ಹಲಗೆ ಮಾಡುವ ಕಂಪನಿ ಪಗಾರ ಕೊಡುತ್ತದೆ. ನಮ್ಮೂರು ಐರಣಿಯ ಹೊಳೆಯಲ್ಲಿ ಅಪ್ಪನ ಹರಿಗೋಲಿನ ಹಿಂದೆ ಈಜಿ ಬೆಳೆದವಳು, ಗೋವೆಯ ಹೋಟೆಲೊಂದರಲ್ಲಿ ಅತಿಥಿಗಳಿಗೆ ಈಜು ಕಲಿಸುತ್ತಿದ್ದಾಗ ಈ ಗಾಳಿಪಟದ ಆಟ ಕಲಿತೆ. ಅದು ಇಲ್ಲಿಯವರೆಗೆ ಎಳೆದು ತಂತು. ಊರಿಗೆ ಒಂದು ಫೋಟೋ ಕಳಿಸಿದ್ದಕ್ಕೆ ನೆರೆಮನೆಯ ಗಿರಿಜಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಆ ದೇಶದಾಗ ಅರಿವಿ ಸಿಗೂದಿಲ್ಲೇನ ನಮ್ಮವ್ವಾ?’ ಆಮೇಲೆ ಫೋಟೋ ಕಳಿಸಲಿಲ್ಲ.

ಮಾಲಿಯಾಳ ಹಿತ್ತಲಲ್ಲಿ ನನಗೊಂದು ಕೋಣೆ. ಅದಕ್ಕೆ ಇಲ್ಲಿ ‘ಓಹಾನ’ ಅನ್ನುತ್ತಾರೆ. ಮನೆಮಂದಿಗೂ ಅದೇ ಮಾತು, ಮನೆಮಂದಿ ಇರುವ ಹಿತ್ತಲ ಕೋಣೆಗೂ ಅದೇ. ಚಪ್ಪಲಿ ನಮ್ಮಲ್ಲಿಯ ಹಾಗೆ ಬಾಗಿಲ ಹೊರಗೆ. ದಾರಿ ಕೇಳಿದರೆ ಎಡಬಲ ಇಲ್ಲ. ಸಮುದ್ರದ ಕಡೆ ‘ಮಕಾಯ್’, ಗುಡ್ಡದ ಕಡೆ ‘ಮೌಕಾ’. ನಾವು ಹೊಳಿಕಡೆ, ಊರಕಡೆ ಅನ್ನುವುದಿಲ್ಲವೇ, ಹಾಗೆ. ಕೆಸುವಿನ ಗಡ್ಡೆ ಅರೆದು ಹುಳಿ ಬರಿಸಿದ ‘ಪೋಯ್’ ಗಂಟಲಲ್ಲಿ ಇಳಿಯದಿದ್ದಾಗ ಮೇಲೆ ಬ್ಯಾಡಗಿ ಖಾರದಪುಡಿ ಉದುರಿಸಿಕೊಂಡೆ. ಮಾಲಿಯಾಳ ತಮ್ಮ ಕಿಮೋ ಆ ಕೆಂಪು ನೋಡಿಯೇ ಕೆಮ್ಮಿದ, ಆಮೇಲೆ ಡಬ್ಬಿಯನ್ನೇ ಎತ್ತಿಕೊಂಡು ಹೋದ. ಸಂಜೆ ಮಾತ್ರ ಕಷ್ಟ. ಕನ್ನಡದಲ್ಲಿ ಬೈಯಲಿಕ್ಕಾದರೂ ಒಬ್ಬರು ಬೇಕಿತ್ತು.

ದೊಡ್ಡ ಅಲೆಗೆ ಒಬ್ಬರೇ ಹೋಗುವಂತಿಲ್ಲ. ಜೊತೆಗಾರ ನೀರಿನ ಸ್ಕೂಟರಿಗೆ ಹಗ್ಗ ಕಟ್ಟಿ ನಮ್ಮನ್ನು ಅಲೆಯ ಮೇಲಕ್ಕೆ ಎಳೆದು ಬಿಡಬೇಕು. ಬಿದ್ದರೆ ಮುಂದಿನ ಅಲೆ ಬರುವುದರೊಳಗೆ ಬಂದು ಎತ್ತಬೇಕು. ಜೊತೆಗಾರ ಇಲ್ಲವೆಂದರೆ ಈ ಕಸುಬೇ ಇಲ್ಲ. ಹೊರಗಿನವಳಾದ ನನಗೆ ಜೊತೆಯಾಗಲು ಒಪ್ಪಿದವನು ಕಿಮೋ ಒಬ್ಬನೇ.

ಊರು ಬಿಡುವಾಗ ಅವ್ವ ಚೀಲದ ತಳದಲ್ಲಿ ಕುಪ್ಪಸಕ್ಕೆಂದು ನೇಯ್ದ ಒಂದು ಗುಳೇದಗುಡ್ಡದ ಖಣ ಇಟ್ಟಿದ್ದಳು. ‘ದೊಡ್ಡ ನೀರಿಗೆ ಇಳಿಯೂ ಮುಂಚೆ ಗಂಗವ್ವಗ ಉಡಿ ತುಂಬು. ಮರೀಬ್ಯಾಡ’ ಎಂದಿದ್ದಳು. ಮರೆಯಲಿಲ್ಲ. ಮೊದಲ ದೊಡ್ಡ ಅಲೆಯ ದಿನ, ನಡುನೀರಿನಲ್ಲಿ, ಕಿಮೋ ಅತ್ತ ತಿರುಗಿ ಹಗ್ಗ ಬಿಚ್ಚುತ್ತಿದ್ದಾಗ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು ಎಲ್ಲವನ್ನೂ ಖಣದಲ್ಲಿಟ್ಟು ನೀರಿಗೆ ಬಿಟ್ಟು ಕೈಮುಗಿದೆ. ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ ಆ ಅಲೆಯನ್ನು ಅರ್ಧಕ್ಕಿಂತ ಹೆಚ್ಚು ಇಳಿದೆ. ಆಮೇಲೆ ಬಿದ್ದೆ.

ನನ್ನನ್ನು ಎತ್ತಲು ಕಿಮೋ ಬಂದ ದಾರಿಯಲ್ಲೇ ಹಿಂದಿರುಗಿದ. ಆ ಸ್ಕೂಟರು ಅಡಿಯಿಂದ ನೀರು ಎಳೆದು ಹಿಂದಕ್ಕೆ ಚಿಮ್ಮಿ ಓಡುವಂಥದ್ದು. ತೇಲುತ್ತಿದ್ದ ಖಣವನ್ನೂ ಅದು ಎಳೆದುಕೊಂಡಿತು. ನನ್ನ ಕಣ್ಣೆದುರೇ ಕೆಮ್ಮಿ, ಬಿಕ್ಕಿ, ನಿಂತುಬಿಟ್ಟಿತು. ಮುಂದಿನ ಅಲೆ ಅವನನ್ನೂ ಸ್ಕೂಟರನ್ನೂ ಕೂಡಿಯೇ ಎತ್ತಿ ಒಗೆಯಿತು. ಬೇರೆ ಜೋಡಿಯವರು ಬಂದು ನಮ್ಮಿಬ್ಬರನ್ನು ಎಳೆದುಕೊಂಡರು. ಕಿಮೋನ ಭುಜದ ಎಲುಬು ಮುರಿದಿತ್ತು.

ಒಡೆದ ಸ್ಕೂಟರನ್ನು ದಡಕ್ಕೆ ತಂದು ಬೋರಲು ಹಾಕಿದರು. ಅದರ ನೀರೆಳೆಯುವ ಬಾಯಿಂದ ಒಬ್ಬ ಖಣವನ್ನು ಎಳೆದ; ಎಳೆದಷ್ಟೂ ಬಂತು, ಕೆಂಪು ದಡಿ ಸಮೇತ. ಸುತ್ತ ನಿಂತವರು ಒಬ್ಬೊಬ್ಬರಾಗಿ ನನ್ನತ್ತ ತಿರುಗಿದರು. ‘ನಂದು’ ಎಂದೆ. ಫೋಟೋದಲ್ಲಿ ಮೈ ಕಂಡದ್ದಕ್ಕೆ ನಾಚಿದ್ದು ನಾಚಿಕೆಯೇ ಅಲ್ಲ. ಅಂದು ಭೂಮಿ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಕಿಮೋ ಬೈಯಲಿಲ್ಲ. ಮಲಗಿದಲ್ಲಿಂದಲೇ ಹೇಳಿದ: ‘ಸಮುದ್ರಕ್ಕೆ ನಾವೂ ಕೊಡ್ತೇವಿ ತಂಗಿ, ಎಲಿ ಕೊಡ್ತೇವಿ, ಹೂ ಕೊಡ್ತೇವಿ. ಅದು ಅರಿವಿ ಉಡೂದಿಲ್ಲ.’ ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ತಂದರೆ ಹೀಗೇ ಕೇಳುತ್ತದೆ. ಆ ಚಳಿಗಾಲ ಉಳಿದವರಾರೂ ನನ್ನನ್ನು ಹಗ್ಗಕ್ಕೆ ಕಟ್ಟಲಿಲ್ಲ. ಮರುವರ್ಷ ಅವನೇ ಬಂದ. ಈಗಲೂ ಹೊರಡುವ ಮೊದಲು ‘ಕೈ ತೋರಿಸು’ ಎನ್ನುತ್ತಾನೆ. ಎರಡೂ ಅಂಗೈ ಚಾಚುತ್ತೇನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಕಿವಿ ಮಾತ್ರ ಬಿಸಿಯಾಗುತ್ತದೆ.

ಅವ್ವನಿಗೆ ಇದಾವುದನ್ನೂ ಹೇಳಲಿಲ್ಲ. ‘ಉಡಿ ತುಂಬಿದ್ಯಾ?’ ಅಂದಾಗ ‘ತುಂಬೀನವ್ವಾ’ ಅಂದೆ, ಅಷ್ಟೇ.

ಹೋದ ಸಲ ರಾಣೆಬೆನ್ನೂರಿನಲ್ಲಿ ರೈಲಿಳಿದು ಐರಣಿಗೆ ಹೋದೆ. ಮಗಳು ಸುಖವಾಗಿ ಬಂದಳೆಂದು ಅವ್ವ ಓಣಿಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊಳೆಗೆ ಬಂದಳು. ಪೂಜೆಯಾಯಿತು, ಆರತಿಯಾಯಿತು. ಅವ್ವ ಹೊಸ ಖಣವನ್ನು ನೀರಿಗೆ ಬಿಟ್ಟಳು. ಅದು ತೇಲಿ ನಾಲ್ಕು ಮಾರು ಹೋಗಿರಬೇಕು, ಅಷ್ಟರಲ್ಲಿ ನಾನು ಉಟ್ಟ ಸೀರೆಯಲ್ಲೇ ಜಿಗಿದು ಅದನ್ನು ಹಿಡಿದುಬಿಟ್ಟಿದ್ದೆ.

ಹೊಳೆಯಲ್ಲಿದ್ದದ್ದು ಅಪ್ಪನ ಹರಿಗೋಲು ಒಂದೇ. ಅದಕ್ಕೆ ಇಂಜಿನೂ ಇಲ್ಲ, ಬಾಯಿಯೂ ಇಲ್ಲ.

‘ಗಂಗವ್ವನ ಉಡ್ಯಾಗಿಂದ ಕಸಗೊಂಡ್ಲಲ್ರೀ!’ ಗಿರಿಜಕ್ಕ ಗಲ್ಲಕ್ಕೆ ಕೈಹಚ್ಚಿದಳು.

‘ಬಿಡು ಅದನ್ನ. ಮಂದಿ ನೋಡಾಕತ್ತಾರ’ ಎಂದಳು ಅವ್ವ. ಮುಷ್ಟಿ ಬಿಚ್ಚಲು ಖರೇನೇ ನೋಡಿದೆ, ಅದು ಬಿಚ್ಚಿಕೊಳ್ಳಲಿಲ್ಲ. ಅವ್ವ ತಲೆ ತಗ್ಗಿಸಿಕೊಂಡು ಎಲ್ಲರಿಗಿಂತ ಮುಂದೆ ಮನೆಗೆ ನಡೆದಳು. ಅವಳ ಹಿಂದೆ, ನೀರು ಸೋರುವ ಸೀರೆಯಲ್ಲಿ, ನಾನು.

ಹೊರಡುವ ದಿನ ಆ ಖಣವನ್ನು ಒಣಗಿಸಿ, ಮಡಿಚಿ, ಮತ್ತೆ ಚೀಲದ ತಳಕ್ಕೆ ಇಟ್ಟಳು. ‘ಇಲ್ಲಿ ಬಿಡಾಕ ನಿನಗ ಮನಸ್ಸಾಗಲಿಲ್ಲ. ಇರವಲ್ದ್ಯಾಕ, ನಿಮ್ಮ ಸಮುದ್ರಕ್ಕ ಬಿಡು. ಎಲ್ಲಾ ನೀರೂ ಗಂಗವ್ವನ’ ಎಂದಳು.

ಅದು ಈಗ ನನ್ನ ಓಹಾನದ ಮಾಡದಲ್ಲಿದೆ. ಗಂಗವ್ವನದು, ಹೊಲಿಸಿ ತೊಡುವಂತಿಲ್ಲ. ಅಲೆ ದೊಡ್ಡದಾದ ದಿನ ಕನ್ನಡಿಯ ಜೊತೆ ಅದೂ ಸಣ್ಣಗೆ ನಡುಗುತ್ತದೆ. ಅವ್ವ ಫೋನು ಮಾಡಿದಾಗಲೆಲ್ಲ ಮೊದಲು ಅದನ್ನೇ ಕೇಳುತ್ತಾಳೆ: ‘ಗಂಗವ್ವಗ ಮುಟ್ಟಿಸಿದ್ಯಾ?’

‘ನಾಳೆ ಬಿಡ್ತೇನವ್ವಾ’ ಎನ್ನುತ್ತೇನೆ.